ಬಾಗಿಲ ಮುಂದಿನ ಹಾಸು

“ಗುರುಗಳೇ, ಯಾರೂ ದೂರು ಹೇಳದ ಹಾಗೆ ಒಂದು ಕೇರಿ ಕಟ್ಟುವುದು ಹೇಗೆ?” ಎಂದು ಮರುಳಸಿದ್ಧ ಕೇಳಿದ.

ಕೇಳುವುದಕ್ಕೆ ಕಾರಣವಿತ್ತು. ಮಠದ ಹಿಂದಿನ ತಗ್ಗಿನ ಕೇರಿಯನ್ನು ದಿಬ್ಬದ ಮೇಲಕ್ಕೆ ಸಾಗಿಸುವ ಹೊಣೆಯನ್ನು ಊರಿನವರು ಈ ಶಿಷ್ಯನಿಗೆ ಒಪ್ಪಿಸಿದ್ದರು. ಅವನು ಮನೆಮನೆಗೆ ಹೋಗಿ ಎಲ್ಲರ ಅಭಿಪ್ರಾಯ ಕೇಳಿ ಬಂದಿದ್ದ. ಒಬ್ಬರಿಗೆ ಬೇಕಾದದ್ದು ಇನ್ನೊಬ್ಬರಿಗೆ ಬೇಡವಾಗಿತ್ತು. ಕೇಳಲು ಹೊರಟಾಗ ಅವನಿಗೆ ಏನೋ ಒಂದಿಷ್ಟು ತಿಳಿದಿತ್ತು. ಕೇಳಿ ಮುಗಿಸುವ ಹೊತ್ತಿಗೆ ಅದೂ ಹೋಗಿತ್ತು.

ಗುರುಗಳು ಕೂರು ಎಂದರು. ಅವನು ಕೂತ. ಅವರು ಕತೆ ಹೇಳಿದರು.

ಒಂದು ಸೀಮೆಯಲ್ಲಿ ಒಬ್ಬ ಮೇಸ್ತ್ರಿ ಇದ್ದ. ಕೈ ಚುರುಕು, ಕಿವಿ ಮಂದ ಎಂದು ಜನ ಅವನನ್ನು ಆಡಿಕೊಳ್ಳುತ್ತಿದ್ದರು. ಅವನೇನೂ ಕಿವುಡನಲ್ಲ. ಯಾರ ಮಾತನ್ನೂ ಕೇಳದೆ ತನಗೆ ತೋಚಿದಂತೆ ಕಟ್ಟುತ್ತಿದ್ದ, ಅಷ್ಟೆ. ಒಮ್ಮೆ ಸಂತೆಗೆ ಬರುವವರಿಗೆಂದು ಒಂದು ಛತ್ರ ಕಟ್ಟಿದ. ನೋಡಲು ಬಲು ಚೆಂದ. ಒಳಗೆ ಬಂಡಿ ತಿರುಗಿಸಲು ಮಾತ್ರ ಜಾಗವಿಲ್ಲ. ಬಂಡಿಯವರು ಅವನ ಹೆಸರು ಹಿಡಿದು ಬೈಯುತ್ತ ಹೊರಗೇ ಮಲಗಿದರು. ಆ ಬೈಗುಳ ಅವನ ಮನಸ್ಸಿಗೆ ನಾಟಿತು. ಇನ್ನು ಮುಂದೆ, ಅಲ್ಲಿ ಇರುವವರನ್ನು ಕೇಳದೆ ಒಂದು ಕಲ್ಲನ್ನೂ ಇಡುವುದಿಲ್ಲ ಎಂದು ಆಣೆ ಮಾಡಿಕೊಂಡ.

ಅದೇ ವರ್ಷ ಆ ಸೀಮೆಯ ಪಾಳೆಯಗಾರ ಕೆರೆಯ ಏರಿಯನ್ನು ಎತ್ತರಿಸಿದ. ಕೆರೆ ತುಂಬಿದರೆ ಹಿನ್ನೀರಿನಲ್ಲಿ ನೇಕಾರರ ಕೇರಿ ಮುಳುಗುತ್ತಿತ್ತು. ಕೇರಿಯಲ್ಲಿ ಮೂವತ್ತಾರು ಮನೆ, ಮನೆಗೊಂದು ಮಗ್ಗ. ಪಾಳೆಯಗಾರ ಮೇಸ್ತ್ರಿಯನ್ನು ಕರೆಸಿದ.

“ಮಳೆ ಹಿಡಿಯೋದ್ರೊಳಗೆ ಮೇಲಿನ ಬಯಲಲ್ಲಿ ಹೊಸ ಕೇರಿ ಎದ್ದಿರಬೇಕು. ಒಂದು ದೂರು ನನ್ನ ಕಿವಿಗೆ ಬೀಳಬಾರದು. ಒಂದು ಮಗ್ಗ ನಿಲ್ಲಬಾರದು. ಎರಡರಲ್ಲಿ ಒಂದು ತಪ್ಪಿದರೂ ನನ್ನ ಸೀಮೆಯಲ್ಲಿ ನೀನಿನ್ನು ಕರಣೆ ಹಿಡಿಯೋ ಹಾಗಿಲ್ಲ.”

ಮೇಸ್ತ್ರಿಗೆ ಭಯವಾಯಿತು. ಗೋಡೆ ಎಬ್ಬಿಸುವುದನ್ನು ಬಿಟ್ಟರೆ ಅವನಿಗೆ ಬೇರೆ ಕೆಲಸ ಬರುತ್ತಿರಲಿಲ್ಲ. ಆದರೂ ಆಣೆ ನೆನೆದು ಧೈರ್ಯ ತಂದುಕೊಂಡ. ಕೇಳಿಯೇ ಕಟ್ಟಿದರೆ ದೂರು ಎಲ್ಲಿಂದ ಬರಬೇಕು? ಹೀಗೆಂದುಕೊಂಡು ನೇಕಾರರ ಕೇರಿಯ ಮೊದಲ ಮನೆಯ ಬಾಗಿಲು ಬಡಿದು, ಏನು ಬೇಕು, ಏನು ಕಷ್ಟ ಎಂದು ಕೇಳಿದ.

ಒಬ್ಬರು ಕೂರಲು ಅಗಲವಾದ ಜಗಲಿ ಬೇಕೆಂದರು. ಒಬ್ಬರು ಜಗಲಿಯೇ ಬೇಡ, ಕಂಡವರೆಲ್ಲ ಬಂದು ಕೂರುತ್ತಾರೆ ಎಂದರು. ಒಲೆ ಮೂಲೆಗಿರಲಿ ಎಂದು ಅತ್ತೆ, ಕಿಂಡಿಯ ಕೆಳಗಿರಲಿ ಎಂದು ಸೊಸೆ. ಕಾಲು ಇಳಿಬಿಟ್ಟು ನೇಯುವ ಮಗ್ಗದ ಗುಂಡಿಗೆ ಎಡಗಡೆಯಿಂದ ಬೆಳಕು ಬೀಳಬೇಕು ಎಂದು ಒಬ್ಬ ಮುದುಕ ಮೂರು ಸಲ ಹೇಳಿದ. ಮೇಸ್ತ್ರಿ ತಲೆ ಕೆರೆದುಕೊಳ್ಳುತ್ತ ಎಲ್ಲವನ್ನೂ ನೆನಪಿಟ್ಟುಕೊಂಡ. ಮನೆ ಬೇರೆ ಬೇರೆ, ಹಾಗಾಗಿ ಮಾತೂ ಬೇರೆ ಬೇರೆ ಎಂದು ತನ್ನನ್ನು ತಾನೇ ಸಮಾಧಾನ ಮಾಡಿಕೊಂಡ.

ಒಂದು ಮಾತು ಮಾತ್ರ ಮೂವತ್ತಾರು ಮನೆಯಲ್ಲೂ ಒಂದೇ ಆಗಿತ್ತು.

“ಬೆಳಗಾಗೋದೇ ತಡ ಮೇಸ್ತ್ರೀ, ನಮ್ಮ ಬಾಗಿಲ ಮುಂದೆ ಪಕ್ಕದವರ ಹಾಸು. ಕೊಡ ಹಿಡ್ಕೊಂಡು ನೀರಿಗೆ ಹೋಗೋ ಹಾಗಿಲ್ಲ, ದನ ಬಿಡೋ ಹಾಗಿಲ್ಲ. ಬಗ್ಗಿ ಬಗ್ಗಿ ನನ್ನ ಸೊಂಟವೇ ಬಿದ್ದುಹೋಯ್ತು. ನೀನು ಇನ್ನೇನು ಮಾಡ್ತೀಯೋ ಬಿಡ್ತೀಯೋ, ಬಾಗಿಲ ಮುಂದೆ ಹಾಸು ಬರದ ಹಾಗೆ ಮಾಡು ಮಾರಾಯ,” ಎಂದಳು ಒಬ್ಬ ಮುದುಕಿ. ಉಳಿದವರೂ ಇದನ್ನೇ ಹೇಳಿದರು. ಕೆಲವರು ಬೈದು ಹೇಳಿದರು.

ಹಾಸು ಎಂದರೆ ಬಟ್ಟೆಯ ಉದ್ದಕ್ಕೆ ಓಡುವ ನೂಲು. ಅದನ್ನು ಮಗ್ಗಕ್ಕೆ ಏರಿಸುವ ಮೊದಲು ಬೀದಿಯಲ್ಲಿ ಇಪ್ಪತ್ತು ಮಾರು ಉದ್ದಕ್ಕೆ ಬಿಗಿದು, ಗಂಜಿ ಹಚ್ಚಿ, ಎರಡೂ ಕಡೆಯಿಂದ ಕುಂಚ ಎಳೆದು ಒಣಗಿಸಬೇಕು. ಏಳೆಂಟು ಮನೆಗಳ ಮುಂದೆ ಹಾದುಹೋಗುತ್ತದೆ. ಮೇಸ್ತ್ರಿಗೆ ಕಲ್ಲು ಗೊತ್ತಿತ್ತು, ಸುಣ್ಣ ಗೊತ್ತಿತ್ತು. ನೂಲಿನ ವಿಷಯ ಇಷ್ಟೇ ಗೊತ್ತಿತ್ತು: ಅದು ಎಲ್ಲರಿಗೂ ತೊಂದರೆ ಕೊಡುತ್ತದೆ. ಮೂವತ್ತಾರು ಮನೆಯವರು ಒಂದೇ ದನಿಯಲ್ಲಿ ಹೇಳಿದ ಮೇಲೆ ಅನುಮಾನವೇಕೆ? ಅವನಿಗೆ ಖುಷಿಯೋ ಖುಷಿ.

ಅವನು ಮನಸ್ಸಿಟ್ಟು ಕಟ್ಟಿದ. ಜಗಲಿ ಕೇಳಿದವರಿಗೆ ಜಗಲಿ ಕೊಟ್ಟ, ಬೇಡವೆಂದವರಿಗೆ ಬಿಟ್ಟ. ಗುಂಡಿಗೆ ಎಡಗಡೆಯಿಂದಲೇ ಬೆಳಕು ಬೀಳಿಸಿದ. ಓಣಿಯನ್ನು ಅಲ್ಲಲ್ಲಿ ತಿರುಗಿಸಿದ. ಒಂದು ಬಾಗಿಲು ಇನ್ನೊಂದರ ಸಾಲಿಗೆ ಬರದಂತೆ ನೋಡಿಕೊಂಡ. ಪ್ರತಿ ಮನೆಗೂ ಮುಂದೆ ಅಂಗಳ, ಅಂಗಳಕ್ಕೆ ಮೋಟುಗೋಡೆ. ಯಾರ ಹಾಸೂ ಯಾರ ಬಾಗಿಲಿಗೂ ಬರುವಂತಿರಲಿಲ್ಲ. ಕೆಲಸ ಮುಗಿದಾಗ ತಾನೇ ಒಮ್ಮೆ ಓಣಿಯಲ್ಲಿ ನಡೆದು ನೋಡಿದ. ಕಣ್ಣು ತುಂಬಿ ಬಂತು.

ಅರ್ಧ ನೇಯ್ದ ಮಗ್ಗವನ್ನು ಸಾಗಿಸಲು ಬರುವುದಿಲ್ಲ. ನೇಕಾರರು ಕೈಯಲ್ಲಿದ್ದ ಬಟ್ಟೆಯನ್ನು ನೇಯ್ದು ಮುಗಿಸಿ, ಮಗ್ಗ ಬಿಚ್ಚಿ ಹೊತ್ತು ತಂದರು. ಹೊಸ ಗುಂಡಿಯ ಮೇಲೆ ಹೂಡಿದರು. ಮೇಸ್ತ್ರಿ ಬಯಲಿನ ಅಂಚಿಗೆ ಗುಡಿಸಲು ಹಾಕಿಕೊಂಡು ಮಗ್ಗದ ಸದ್ದಿಗೆ ಕಾದ.

ಸದ್ದು ಬರಲಿಲ್ಲ.

ಒಂದು ದಿನ ಕಳೆಯಿತು, ಎರಡು ದಿನ ಕಳೆಯಿತು. ದಣಿದಿದ್ದಾರೆ ಎಂದುಕೊಂಡ. ನಾಲ್ಕನೆಯ ದಿನ ತಡೆಯಲಾರದೆ ಮನೆಗಳಿಗೆ ಹೋದ. ಎಲ್ಲರೂ ನಕ್ಕು ಬರಮಾಡಿಕೊಂಡರು. ಮನೆ ಹೇಗಿದೆ ಎಂದರೆ ಬಹಳ ಚೆನ್ನಾಗಿದೆ ಎಂದರು. ಮಗ್ಗ ಯಾಕೆ ನಡೆಯುತ್ತಿಲ್ಲ ಎಂದರೆ ಇವತ್ತೋ ನಾಳೆಯೋ ಎಂದರು. ಒಬ್ಬನೂ ದೂರು ಹೇಳಲಿಲ್ಲ. ಅವರೇ ಬೇಡಿ ಪಡೆದದ್ದು, ಅದರ ಮೇಲೆ ದೂರು ಹೇಳಲು ಯಾವ ಬಾಯಿ? ಪಕ್ಕದ ಮನೆಯವರು ಹೇಗೋ ಹೊಂದಿಸಿಕೊಳ್ಳುತ್ತಾರೆ, ನಮಗೊಬ್ಬರಿಗೇ ದಾರಿ ಕಾಣುತ್ತಿಲ್ಲ ಎಂದು ಪ್ರತಿಯೊಬ್ಬರೂ ಒಳಗೊಳಗೇ ಅಂದುಕೊಂಡಿದ್ದರು. ಇದು ಮೇಸ್ತ್ರಿಗೆ ಗೊತ್ತಿಲ್ಲ. ಅವನು ಗುಂಡಿಗಳನ್ನು ಅಳೆದ. ಆಳ ಸರಿಯಾಗಿತ್ತು. ನೆಲ ಮುಟ್ಟಿ ನೋಡಿದ. ಒದ್ದೆಯಿರಲಿಲ್ಲ. ಬೆಳಕು ಎಡಗಡೆಯಿಂದಲೇ ಬೀಳುತ್ತಿತ್ತು. ಎಲ್ಲ ಸರಿಯಿದೆ, ಕೆಲಸ ಮಾತ್ರ ಆಗುತ್ತಿಲ್ಲ. ಇಂಥದ್ದನ್ನು ಅವನು ಕಂಡಿರಲಿಲ್ಲ.

ಹೀಗೆ ಹನ್ನೊಂದು ದಿನ ಕಳೆಯಿತು. ಮೇಸ್ತ್ರಿಗೆ ಅನ್ನ ಸೇರುತ್ತಿರಲಿಲ್ಲ. ನನ್ನ ಕೈಗೇನೋ ಶನಿ ಹಿಡಿದಿದೆ ಎಂದೂ ಅವನಿಗೆ ಅನಿಸಿತು. ಕೇಳದೆ ಕಟ್ಟಿದರೆ ಬೈಗುಳ, ಕೇಳಿ ಕಟ್ಟಿದರೆ ಮೌನ. ಬೈಗುಳವೇ ವಾಸಿ ಎನಿಸಿ ಅವನಿಗೆ ತನ್ನ ಮೇಲೆಯೇ ಸಿಟ್ಟು ಬಂತು.

ಹನ್ನೆರಡನೆಯ ದಿನ ಬೆಳಗ್ಗೆ ಅವನು ಓಣಿಗೆ ಹೋದಾಗ ಒಂದು ಮನೆಯಲ್ಲೂ ಜನರಿಲ್ಲ. ಬಾಗಿಲುಗಳು ತೆರೆದೇ ಇವೆ. ಕೇರಿ ಬಿಟ್ಟು ಓಡಿಹೋದರೇ ಎಂದು ಗಾಬರಿಯಾಗಿ ಕೆಳಕ್ಕೆ ಓಡಿದ. ಹಳೆಯ ಕೇರಿಯ ತಿರುವಿಗೆ ಬಂದವನು ನಿಂತುಬಿಟ್ಟ.

ನಸುಕಿನಲ್ಲಿ ಒಬ್ಬರು ನೂಲು ಹೊತ್ತು ಇಳಿದದ್ದನ್ನು ಕಂಡು, ಒಬ್ಬರ ಹಿಂದೆ ಒಬ್ಬರು ಬಂದು ಎಲ್ಲರೂ ಅಲ್ಲಿ ಸೇರಿದ್ದರು. ನೆಟ್ಟಗಿನ ಹಳೆಯ ಬೀದಿಯ ಉದ್ದಕ್ಕೂ ಕವೆಗೋಲು ನೆಟ್ಟು ಹಾಸು ಬಿಗಿದಿದ್ದರು. ಗಂಡಸರು ಎರಡೂ ಕಡೆ ಕುಂಚ ಎಳೆಯುತ್ತ ನಡೆಯುತ್ತಿದ್ದರು. ಹೆಂಗಸರು ಹರಿದ ಎಳೆಗಳನ್ನು ಹುಡುಕಿ ಗಂಟು ಹಾಕುತ್ತಿದ್ದರು. ಆ ಮುದುಕಿ ಗಂಜಿಯ ಮಡಕೆ ಹಿಡಿದು, ಇದು ಯಾರಪ್ಪನ ಮನೆ ಬೀದಿ, ನನ್ನ ಬಾಗಿಲಿಗೇ ಯಾಕೆ ಬಿಗಿದಿರಿ ಎಂದು ಕೂಗಾಡುತ್ತಿದ್ದಳು. ಅವಳ ಹಿಂದಿದ್ದ ಮನೆ ಖಾಲಿ. ಬಾಗಿಲನ್ನು ಕೂಡ ಕಿತ್ತು ಹೊಸ ಮನೆಗೆ ಒಯ್ದಾಗಿತ್ತು.

ಮೇಸ್ತ್ರಿ ಅವಳ ಬಳಿಗೆ ಹೋದ. “ಅಜ್ಜೀ, ಇದನ್ನೇ ಅಲ್ವಾ ನೀವೆಲ್ಲ ಬೇಡ ಅಂದಿದ್ದು?”

“ಬೇಡ ಅಂದಿದ್ದು ನಿಜ,” ಎಂದಳು ಅಜ್ಜಿ. “ಪಕ್ಕದವರ ಹಾಸು ಬೇಡ ಅಂದ್ವಿ. ನಮ್ಮದು ಬೇಡ ಅಂದ್ವಾ? ನೀನು ಕಟ್ಟಿದ ಅಂಗಳದಲ್ಲಿ ನಾಲ್ಕು ಮಾರು ಎಳೆಯೋದ್ರೊಳಗೆ ಗೋಡೆ ಸಿಗುತ್ತೆ, ಓಣಿಯಲ್ಲಿ ಎಳೆದ್ರೆ ತಿರುವು ಸಿಗುತ್ತೆ. ಗಂಜಿ ಒಣಗೋದ್ರೊಳಗೆ ಕುಂಚ ಎಳೀಬೇಕು, ಎಂಟು ಜನ ಬೇಕು. ಗೋಡೆ ಆಚೆ ಇರೋರನ್ನ ಹೇಗಪ್ಪಾ ಕರೆಯೋದು?”

“ಮೊದಲೇ ಹೇಳಬಾರದಿತ್ತಾ?”

“ನೀನು ಕಷ್ಟ ಏನು ಅಂತ ಕೇಳಿದೆ. ಕಷ್ಟ ಹೇಳಿದ್ವಿ.”

ಮೇಸ್ತ್ರಿ ಖಾಲಿ ಮನೆಯ ಹೊಸ್ತಿಲ ಮೇಲೆ ಕುಸಿದು ಕೂತ. ಮೂವತ್ತಾರು ಮಂದಿಯೂ ನಿಜವನ್ನೇ ಹೇಳಿದ್ದರು. ತಾನೂ ನಿಜವನ್ನೇ ಕಟ್ಟಿದ್ದ. ಹಾಗಾದರೆ ಸುಳ್ಳು ಎಲ್ಲಿ ಸೇರಿಕೊಂಡಿತು? ಎಷ್ಟು ಯೋಚಿಸಿದರೂ ಹೊಳೆಯಲಿಲ್ಲ. ತಲೆಯ ಮೇಲೆ ಮೋಡ ಕಟ್ಟಿತ್ತು. ಮಳೆ ಬಂದರೆ ಈ ಬೀದಿಯೂ ಇರುವುದಿಲ್ಲ.

ಅವನು ಎದ್ದು ಎಲ್ಲರನ್ನೂ ಕೂಡಿಸಿದ. ಮೇಲಿನ ಓಣಿಯ ಮೋಟುಗೋಡೆಗಳನ್ನು ಕೆಡವಿ, ಅಂಗಳಗಳನ್ನು ಸೇರಿಸಿ, ಬೀದಿಯನ್ನು ನೆಟ್ಟಗೆ ಮಾಡಲೇ ಎಂದು ಕೇಳಿದ. ಅರ್ಧ ಜನ ಮಾಡು ಎಂದರು. ಉಳಿದರ್ಧ ಜನ ಬೇಡವೇ ಬೇಡ, ಮತ್ತೆ ಬಾಗಿಲ ಮುಂದೆ ಹಾಸು ಬರುತ್ತದೆ ಎಂದರು. ಸ್ವಲ್ಪ ಹೊತ್ತಿಗೆ ಮಾಡು ಎಂದವರು ಬೇಡ ಎಂದರು, ಬೇಡ ಎಂದವರು ಮಾಡು ಎಂದರು. ಮೇಸ್ತ್ರಿ ಕಣ್ಣು ಕಣ್ಣು ಬಿಟ್ಟ.

ಒಂದು ಮಾತ್ರ ಅವನಿಗೆ ಅರ್ಥವಾಯಿತು. ಗೋಡೆ ಕೆಡವಿದರೆ ದೂರು ಬಂದೇ ಬರುತ್ತದೆ. ದೂರು ಬಂದರೆ ತನ್ನ ಕರಣೆ ಹೋಗುತ್ತದೆ. ಕೆಡವದಿದ್ದರೂ ಹೋಗುತ್ತದೆ, ಜೊತೆಗೆ ಮೂವತ್ತಾರು ಮಗ್ಗವೂ ಹೋಗುತ್ತವೆ. ಅವನು ಅಂದೇ ಹಾರೆ ಹಿಡಿದು ತನ್ನ ಕೈಯಾರೆ ಕಟ್ಟಿದ ಗೋಡೆಗಳನ್ನು ಒಂದೊಂದಾಗಿ ಕೆಡವಿದ. ಅಡ್ಡ ಬಂದ ನಾಲ್ಕು ಮನೆಗಳ ಮುಂಗಟ್ಟನ್ನು ಹಿಂದಕ್ಕೆ ಸರಿಸಿ ಕಟ್ಟಿದ. ಕೈ ನಿಲ್ಲಿಸಲಿಲ್ಲ. ಕೊನೆಯ ಗೋಡೆಯ ಮಣ್ಣು ಹೊತ್ತು ಹಾಕಿದ ಮರುದಿನ ಹೊಸ ಬೀದಿಯಲ್ಲಿ ಮೊದಲ ಹಾಸು ಬಿಗಿದರು. ಅದರ ಮಾರನೆಯ ದಿನ ಮೊದಲ ಮಗ್ಗ ಸದ್ದು ಮಾಡಿತು. ಅದೇ ದಿನ ಆರು ಮನೆಯವರು ಪಾಳೆಯಗಾರನ ಬಾಗಿಲಿಗೆ ಹೋಗಿ ದೂರು ಹೇಳಿದರು.

ಕೆಲವು ದಿನ ಬಿಟ್ಟು ಪಾಳೆಯಗಾರ ಕುದುರೆ ಏರಿ ಬಂದ. ಮೇಸ್ತ್ರಿ ಕರಣೆಯನ್ನು ಅವನ ಮುಂದೆ ಇಟ್ಟು ತಲೆ ತಗ್ಗಿಸಿ ನಿಂತ. ಆ ಹೊತ್ತಿಗೆ ಮೂವತ್ತಾರು ಮಗ್ಗವೂ ನಡೆಯುತ್ತಿದ್ದವು. ಪಾಳೆಯಗಾರನಿಗೂ ದಿಕ್ಕು ತೋಚಲಿಲ್ಲ. ಅವನು ಹಾಕಿದ್ದು ಎರಡು ಕರಾರು. ಅವನ ಕಣ್ಣಿಗೆ ಕಂಡಂತೆ ಒಂದು ಪೂರ್ತಿ ನಡೆದಿತ್ತು, ಇನ್ನೊಂದು ಪೂರ್ತಿ ಮುರಿದಿತ್ತು.

ಅವನು ನೇಕಾರರ ಕಡೆಗೆ ತಿರುಗಿದ. “ದೂರು ಹೇಳಿದವರು ನೀವೇ. ನೀವೇ ಹೇಳಿ, ಇವನನ್ನು ಸೀಮೆಯಿಂದ ಆಚೆಗೆ ಅಟ್ಟಲಾ?”

ಮುದುಕಿ ಮುಂದೆ ಬಂದಳು.

“ಬೇಡ ಬುದ್ಧೀ,” ಎಂದಳು. “ಇವನನ್ನ ಅಟ್ಟಿದ್ರೆ ನಾಳೆ ಬೆಳಗ್ಗೆ ನಾವು ದೂರು ಯಾರಿಗೆ ಹೇಳೋಣ?”

ಪಾಳೆಯಗಾರ ಕರಣೆಯನ್ನು ಎತ್ತಿ ಮೇಸ್ತ್ರಿಯ ಕೈಗೆ ಕೊಟ್ಟು ಹೊರಟುಹೋದ. ಮೇಸ್ತ್ರಿ ಆ ಕೇರಿಯಲ್ಲೇ ಮುದುಕನಾದ. ದಿನಾ ಬೆಳಗ್ಗೆ ಬೀದಿಯ ತುದಿಯಿಂದ ತುದಿಯವರೆಗೆ ನಡೆದು ದೂರು ಕೇಳುತ್ತಿದ್ದ. ಒಂದು ಕಡೆ ಜಗಲಿಯ ಅಂಚು ಕೆತ್ತಿದ, ಇನ್ನೊಂದು ಕಡೆ ಹಿತ್ತಲಿಗೊಂದು ಬಾಗಿಲು ಇಟ್ಟ. ಹಾಸು ಬಾಗಿಲ ಮುಂದೆ ಬರುವುದೇನೂ ತಪ್ಪಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಮರುಳಸಿದ್ಧ ಕಾದ. ಇನ್ನೂ ಏನಾದರೂ ಹೇಳುತ್ತಾರೆ ಎಂದುಕೊಂಡ. ಅವನಿಗೆ ಸಮಾಧಾನವಾಗಲಿಲ್ಲ. ಬಂದಾಗ ಇದ್ದ ಗೊಂದಲದ ಜೊತೆಗೆ ಈಗ ಮೇಸ್ತ್ರಿಯ ಗೊಂದಲವೂ ಸೇರಿಕೊಂಡಿತ್ತು.

“ಹಾಗಾದರೆ ಗುರುಗಳೇ,” ಎಂದು ಕೊನೆಗೆ ಕೇಳಿದ, “ಆ ಹೊಸ ಕೇರಿಯಲ್ಲಿ ದೂರು ಇಲ್ಲದ ದಿನ ಒಂದೂ ಬರಲಿಲ್ಲವೇ?”

“ಬಂದಿತ್ತಲ್ಲ,” ಎಂದರು ಗುರುಗಳು, “ಹನ್ನೊಂದು ದಿನ.”

ಮರುಳಸಿದ್ಧ ಎದ್ದು ತಗ್ಗಿನ ಕೇರಿಯ ಕಡೆಗೆ ನಡೆದ.