ಹೊಗೆಯಿಲ್ಲದ ಒಲೆಯ ವರದಿ

ಹೊಗೆಯಿಲ್ಲದ ಒಲೆ ಯೋಜನೆಯಿಂದ ಜನಕ್ಕೆ ಏನು ಉಪಯೋಗವಾಯಿತೆಂದು ನೋಡಲು ಗುಮಾಸ್ತ ಮರಿಸ್ವಾಮಿ ಬಿಸಿಲಲ್ಲಿ ಊರೂರು ಅಲೆದ. ಸರ್ಕಾರ ಕೊಟ್ಟ ಒಲೆಗಳಲ್ಲಿ ಕೋಳಿಗಳು ಕಾವಿಗೆ ಕೂತಿದ್ದವು. ಹೆಂಗಸರು ಹಳೇ ಒಲೆಯ ಮುಂದೆಯೇ ಕೆಮ್ಮುತ್ತಿದ್ದರು. ಕಂಡದ್ದನ್ನೇ ಬರೆದು ತಂದ.

ಯೋಜನಾಧಿಕಾರಿ ವರದಿಯನ್ನು ಎಸೆದರು. "ಯೋಜನೆ ಪೂರ್ತಿ ಯಶಸ್ವಿ ಅಂತ ಬರಿ. ಇಲ್ಲಾಂದ್ರೆ ನಿನಗೆ ಎತ್ತಂಗಡಿ!"

ವಾದಿಸುವ ತ್ರಾಣ ಮರಿಸ್ವಾಮಿಗಿರಲಿಲ್ಲ. ಅಲ್ಲೇ ಕೂತು ಬರೆದು, ಓದಿ ಹೇಳಿದ: "ಯೋಜನೆ ಪೂರ್ತಿ ಯಶಸ್ವಿ. ಯಾರ ಮನೆಯಲ್ಲೂ ಹೊಗೆಯಿಲ್ಲ. ಆದ್ದರಿಂದ ಈ ಕಚೇರಿಗೆ ಇನ್ನು ಕೆಲಸವಿಲ್ಲ. ಅಧಿಕಾರಿಯ ಹುದ್ದೆಯನ್ನೂ ಜೀಪನ್ನೂ ಸರ್ಕಾರ ವಾಪಸ್ ಪಡೆಯಬಹುದು."

ಅಧಿಕಾರಿ ಕನ್ನಡಕ ತೆಗೆದು ಒರೆಸಿದರು. ಮತ್ತೆ ಹಾಕಿಕೊಂಡರು.

"ಕಂಡದ್ದನ್ನ ಕಂಡ ಹಾಗೇ ಕಳಿಸು ಮಾರಾಯ," ಎಂದರು ಮೆಲ್ಲಗೆ. "ಹೊಗೆ ಬೇಕಾದ್ರೆ ಸ್ವಲ್ಪ ಜಾಸ್ತೀನೇ ಇರಲಿ."