ಮೈದಾನಕ್ಕೆ ಬಂದ ರೊಟ್ಟಿ ಸಪ್ಪಳ

ಓಟದ ಹುಡುಗಿಯರ ಹಾಸ್ಟೆಲಿಗೆ ಹೊಸ ಕೋಚ್ ಬಂದವರೇ ಮೈದಾನದ ಸ್ಪೀಕರ್ ಕಿತ್ತು ಕಪಾಟಿಗೆ ಹಾಕಿದರು.

"ಹಾಡು ಕೇಳ್ಕೋತ ಓಡೋದು ಓಟ ಅಲ್ಲ. ಇನ್ನ ಮ್ಯಾಲೆ ಇಲ್ಲಿ ನನ್ನ ಸೀಟಿ ಒಂದ ಕೇಳಬೇಕು!"

ಸೀಟಿ ಕೇಳಿತು, ಆದರೆ ಕಾಲು ಏಳಲಿಲ್ಲ. ಊರು ಬಿಟ್ಟು ಬಂದ ಮಕ್ಕಳು. ಹಾಡಿದ್ದಾಗ ಮನೆಯ ನೆನಪನ್ನು ಹೇಗೋ ಮರೆತು ಓಡುತ್ತಿದ್ದರು. ಈಗ ಒಬ್ಬಳಂತೂ ಊರಿಗೆ ಹೊರಡಲು ಚೀಲ ಕಟ್ಟಿಕೊಂಡು ಕೂತಳು.

ಅಡುಗೆಯ ನೀಲವ್ವ ಇದನ್ನು ನೋಡಿದಳು. ಮರುದಿನ ಬೆಳಿಗ್ಗೆ ರೊಟ್ಟಿ ಬಡಿಯುವ ಕಲ್ಲನ್ನು ಮೈದಾನದ ಕಟ್ಟೆಗೆ ತಂದಿಟ್ಟು ಕೂತಳು.

ಟಪ್ ಟಪಾ ಟಪ್! ಎಲ್ಲರ ಅವ್ವಂದಿರ ಮನೆಯ ಸಪ್ಪಳ ಅದು. ಕಾಲುಗಳು ತಾವಾಗಿಯೇ ಎದ್ದವು. ಚೀಲ ಕಟ್ಟಿದವಳೂ ಓಡಿ ಬಂದಳು.

ಕೋಚ್ ಕೆಂಡವಾಗಿ ಬಂದರು. "ಏನಿದು ತಾಳ? ನಿಲ್ಲಸು!"

"ನಿಲ್ಲಸ್ತೀನ್ರಿ ಸಾಹೇಬ್ರ. ರೊಟ್ಟಿ ಅಂತೂ ಇರಂಗಿಲ್ಲ, ಮಧ್ಯಾಹ್ನ ಪಲ್ಯಾನ ಸೀಟಿ ಜೋಡಿ ಉಣ್ಣೂಣು."

ನೀಲವ್ವನ ಕೈ ನಿಂತಿತು. ಕಾಲುಗಳೂ ನಿಂತವು. ಮೈದಾನವೆಲ್ಲ ಭಣಭಣ ಎಂದಿತು.

ಕೋಚ್ ಆ ಕಲ್ಲನ್ನೇ ನೋಡುತ್ತ ಕಟ್ಟೆಯ ಮೇಲೆ ಕೂತರು.

"ನಮ್ಮವ್ವ ಹೋದ ಮ್ಯಾಲೆ ಈ ಸಪ್ಪಳ ಕೇಳಿದ್ದಿಲ್ಲ," ಎಂದರು ಮೆಲ್ಲಗೆ. "ಬಡೀರಿ ಯವ್ವಾ, ನಿಲ್ಲಸಬ್ಯಾಡ್ರಿ."