ಹಾಳೆಯ ಮಡಿ

ರೈನ್ ನದಿಯ ದಡದ ಊರೊಂದರಲ್ಲಿ ಓಸ್ವಾಲ್ಡ್ ಎಂಬ ಮುದ್ರಕನಿದ್ದ. ಅಚ್ಚುಮೊಳೆಗಳಿಗೆ ಮಸಿ ಹಚ್ಚಲು ಅವನ ಬಳಿ ಚರ್ಮದ ಉಂಡೆಯೊಂದಿತ್ತು. ಚರ್ಮ ಒಣಗಿ ಬಿರಿಯದಿರಲೆಂದು, ಆ ಕಾಲದ ಪದ್ಧತಿಯಂತೆ, ಕೆಲಸ ಮುಗಿದ ಮೇಲೆ ಅದನ್ನು ಮೂತ್ರದಲ್ಲಿ ನೆನೆಹಾಕುತ್ತಿದ್ದ.

ಹೊಸದಾಗಿ ಬಂದ ಬಿಳಿ ಹಾಳೆಗೆ ಆ ವಾಸನೆ ತಡೆಯಲಾಗಲಿಲ್ಲ.

"ಎಲೈ ಉಂಡೆಯೇ, ನೀನು ಮುಟ್ಟಿದ ಮೊಳೆಗಳ ಮೇಲೆ ನಾನು ಮೈಚಾಚುವವಳಲ್ಲ. ನನ್ನದು ಶುದ್ಧ ನಾರುಮಡಿಯ ಕುಲ," ಎಂದಿತು.

"ಬಲ್ಲೆ ತಾಯಿ," ಎಂದಿತು ಉಂಡೆ. "ಓಸ್ವಾಲ್ಡನ ಹಳೇ ನಾರಿನ ಚಡ್ಡಿಯೂ ಚಿಂದಿಯಾಗಿ, ಅರೆದು ಹಾಳೆ ಮಾಡಲೆಂದು ನಿಮ್ಮ ಕಾಗದದ ಕಾರ್ಖಾನೆಗೇ ಹೋಗಿತ್ತು. ಇರಲಿ ಬನ್ನಿ, ಇವತ್ತು ಪ್ರಾರ್ಥನೆಯ ಪುಟ ಅಚ್ಚಾಗುತ್ತಿದೆ."

ಹಾಳೆ ಕೇಳಲಿಲ್ಲ. ತನ್ನ ಸರದಿ ಬಂದಾಗ ಬೇಕೆಂದೇ ಮೈಯೆಲ್ಲ ಸುಕ್ಕು ಮಾಡಿಕೊಂಡಿತು. ಓಸ್ವಾಲ್ಡ್ ಗೊಣಗುತ್ತ ಅದನ್ನು ಪಕ್ಕಕ್ಕೆಸೆದ. ಉಳಿದ ಹಾಳೆಗಳು ಪ್ರಾರ್ಥನೆ ಹೊತ್ತು ಒಣಗಲು ಹಗ್ಗ ಏರಿದವು. ಮಧ್ಯಾಹ್ನ ಅವನ ಹೆಂಡತಿಗೆ ಉಪ್ಪುಮೀನು ಸುತ್ತಲು ಕಾಗದ ಬೇಕಾಯಿತು. ಕೈಗೆ ಸಿಕ್ಕಿದ್ದು ಇದೇ.

ಮೀನು ತಿಂದ ಓಸ್ವಾಲ್ಡ್ ಹಾಳೆಯನ್ನು ಮುದ್ದೆಮಾಡಿ ಎಸೆದ. ಅದು ಉಂಡೆಯ ಪಕ್ಕಕ್ಕೇ ಬಂದು ಬಿತ್ತು.

"ಅಣ್ಣಾ, ನನ್ನ ಮೇಲೂ ಒಂದಕ್ಷರ ಬೀಳುವಂತೆ ಮಾಡು," ಎಂದು ಜಿಡ್ಡುಮೈಯಲ್ಲಿ ಉಂಡೆಯತ್ತ ಸರಿಯಿತು.

ಉಂಡೆ ಮೂತ್ರದ ಬೋಗುಣಿಗೆ ಇಳಿಯುತ್ತ, "ಸ್ವಲ್ಪ ದೂರ ನಿಲ್ಲಿ ತಾಯಿ," ಎಂದಿತು. "ಸ್ನಾನಕ್ಕೆ ಹೊರಟಿದ್ದೇನೆ, ಮೈಲಿಗೆಯಾದೀತು."